ಮುಂದಕ್ಕೆ ಕಳುಹಿಸಿದ ಓಲೆ

ಕಡೂರಿನಿಂದ ಉತ್ತರಕ್ಕೆ ಹೊರಟ ರೈಲುಗಾಡಿಯು ನಾಲ್ಕಾರು ಮೈಲಿ ಕ್ರಮಿಸುವಷ್ಟರಲ್ಲಿ ಬೀರೂರನ್ನು ಸೇರುತ್ತದೆ. ಅಲ್ಲಿ ಹಳಿಗಳು ಕವಲೊಡೆಯುತ್ತವೆ. ಎಡದ ಕವಲು ತರೀಕೆರೆಯನ್ನು ಹಾದು ಶಿವಮೊಗ್ಗೆಗೆ ಹೋದರೆ, ಬಲದ ಕವಲು ಅಜ್ಜಂಪುರವನ್ನು ಹಾದು ಚಿಕ್ಕಜಾಜೂರಿನತ್ತ ಸಾಗುತ್ತದೆ. ತರೀಕೆರೆಯ ಚೀಲಕ್ಕೆ ಬೀಳಬೇಕಾದ ಓಲೆಯೊಂದು ಕೈತಪ್ಪಿ ಅಜ್ಜಂಪುರದ ಚೀಲಕ್ಕೆ ಬಿದ್ದರೆ ಅದು ಹಿಂದಕ್ಕೆ ಬಂದು ಮತ್ತೆ ತನ್ನ ಹಾದಿಯನ್ನು ಹಿಡಿಯಬೇಕು. ಕಡೂರಿನ ಪಿನ್ ಸಂಖ್ಯೆ 577548, ಅಜ್ಜಂಪುರದ್ದು 577547. ಕೊನೆಯ ಒಂದು ಅಂಕೆಯನ್ನು ಅವಸರದಲ್ಲಿ ಗೀಚಿದವನಿಗೆ, ತಾನು ಓಲೆಯನ್ನು ಬೇರೊಂದು ತಾಲ್ಲೂಕಿಗೆ ಅಟ್ಟುತ್ತಿರುವೆನೆಂಬ ಅರಿವು ಇರುವುದಿಲ್ಲ.

ಅಂಚೆಯವರಿಗೆ ಇದು ಹೊಸದೇನಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಅಜ್ಜಂಪುರವು ಬಹುಕಾಲ ತರೀಕೆರೆ ತಾಲ್ಲೂಕಿನಲ್ಲಿದ್ದು, ಈಚೆಗೆ ತಾನೇ ಒಂದು ತಾಲ್ಲೂಕಾಯಿತು. ಊರು ನಿಂತಲ್ಲೇ ನಿಂತಿದ್ದರೂ ವಿಳಾಸ ಬದಲಾಗುತ್ತದೆ. ಇನ್ನು ಮನುಷ್ಯರ ಮಾತೇನು? ಮನೆ ಬಿಟ್ಟುಹೋದವರ ಹೆಸರಿಗೆ ಓಲೆ ಬಂದಾಗ, ಅಲ್ಲಿ ಈಗ ವಾಸಿಸುವ ಸಜ್ಜನರು ಹಳೆಯ ವಿಳಾಸದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಲಕೋಟೆಯನ್ನು ಮರಳಿ ಪೆಟ್ಟಿಗೆಗೆ ಹಾಕುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಲಕೋಟೆಯನ್ನು ಯಾರೂ ಒಡೆದಿಲ್ಲ. ಬರೆದವರ ಅಕ್ಷರ, ಬರೆದ ದಿನ, ಒಳಗಿನ ಕಾಗದಗಳ ಎಣಿಕೆ, ಎಲ್ಲವೂ ಇದ್ದಂತೆಯೇ ಇರುತ್ತವೆ. ಮೇಲೆ ಒಂದು ಗೆರೆ, ಒಂದು ಹೊಸ ಮುದ್ರೆ, ಅಷ್ಟೇ ಹೆಚ್ಚು.

ಮಿಂಚಂಚೆಯ ಲೋಕದಲ್ಲಿ ಈ ಕೆಲಸಕ್ಕೆ ಎರಡು ಬೇರೆಬೇರೆ ವಿಧಾನಗಳಿವೆ. ಅವೆರಡೂ ಒಂದೇ ಎಂದು ಬಹುಮಂದಿ ಭಾವಿಸಿರುವುದರಿಂದ ಆಗುವ ನಷ್ಟ ಅಲ್ಪವಲ್ಲ.

ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಓಲೆ ಕಳುಹಿಸುವ ಕ್ರಮವನ್ನು 1971ರಲ್ಲಿ ರೇ ಟಾಮ್ಲಿನ್‌ಸನ್ ಆರಂಭಿಸಿದರು. ಬಂದ ಓಲೆಗೆ ಉತ್ತರಿಸುವ ಮತ್ತು ಅದನ್ನು ಇನ್ನೊಬ್ಬರಿಗೆ ದಾಟಿಸುವ ಸೌಕರ್ಯವನ್ನು 1975ರಲ್ಲಿ ಜಾನ್ ವಿಟ್ಟಲ್ ತಮ್ಮ ಎಂ.ಎಸ್.ಜಿ. ಎಂಬ ಕ್ರಮವಿಧಿಯಲ್ಲಿ ಅಳವಡಿಸಿದರು. 1978ರಲ್ಲಿ ಕರ್ಟ್ ಶೋನ್ಸ್ ಎಂಬವರು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬರೆದ 'ಮೇಲ್' ಎಂಬ ಕ್ರಮವಿಧಿಯ ಸಂತಾನ ಇಂದಿಗೂ ಯೂನಿಕ್ಸ್, ಲಿನಕ್ಸ್ ಯಂತ್ರಗಳಲ್ಲಿ ಬದುಕಿದೆ. ಇದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, ಮೌಸಿನ ಹಂಗೂ ಇಲ್ಲ. ಕಪ್ಪು ಪರದೆ, ಅದರ ಮೇಲೆ ಮಿನುಗುವ ಒಂದು ಗುರುತು, ಬೆರಳು ಒತ್ತಿದ ಆಜ್ಞೆ. ನೋಡಲು ಬರಡಾದರೂ, ಯಂತ್ರವು ಓಲೆಯನ್ನು ಏನು ಮಾಡುತ್ತಿದೆಯೆಂಬುದು ಇಲ್ಲಿ ತೋರುವಷ್ಟು ಸ್ಪಷ್ಟವಾಗಿ ಇಂದಿನ ಬಣ್ಣದ ತೆರೆಗಳಲ್ಲಿ ತೋರದು.

ಹಳೆಯ 'ಮೇಲ್'ನಲ್ಲಿ ಹೊಸ ಓಲೆ ಬರೆಯುತ್ತಿರುವಾಗ ಸಾಲಿನ ಮೊದಲಲ್ಲಿ ಅಲೆಯಾಕಾರದ ಟಿಲ್ಡ್ ಚಿಹ್ನೆಯನ್ನೊತ್ತಿ, ಅದರ ಮುಂದೆ 'ಎಫ್' ಅಕ್ಷರವನ್ನೂ ಬಂದ ಓಲೆಯ ಕ್ರಮಸಂಖ್ಯೆಯನ್ನೂ ಹಾಕಿದರೆ, ಆ ಓಲೆಯ ಪಾಠ ಹೊಸ ಓಲೆಯೊಳಕ್ಕೆ ಇಳಿಯುತ್ತದೆ. 'ಎಫ್' ಬದಲು 'ಎಂ' ಹಾಕಿದರೆ ಪ್ರತಿ ಸಾಲೂ ಸ್ವಲ್ಪ ಒಳಸರಿದು ಬರುತ್ತದೆ. 'ವಿ' ಒತ್ತಿದರೆ ಇಡೀ ಬರಹ ತಿದ್ದುಪಡಿಗೆ ತೆರೆದುಕೊಳ್ಳುತ್ತದೆ. ಬೇಕಾದ್ದನ್ನು ಉಳಿಸಿ ಬೇಡವಾದ್ದನ್ನು ಅಳಿಸಬಹುದು. ಅಂದರೆ ಇದು ಲಕೋಟೆಯನ್ನು ದಾಟಿಸುವ ಕೆಲಸವಲ್ಲ. ಓಲೆಯನ್ನು ಒಡೆದು, ನಕಲು ಮಾಡಿ, ನಕಲನ್ನು ತನ್ನ ಸ್ವಂತ ಲಕೋಟೆಯಲ್ಲಿಟ್ಟು, ತನ್ನ ಹೆಸರಿನಿಂದ ಕಳುಹಿಸುವ ಕೆಲಸ. ಇಂದು ಎಲ್ಲರೂ 'ಫಾರ್ವರ್ಡ್' ಎನ್ನುವುದು ಇದನ್ನೇ.

ಇದರ ಫಲವೇನೆಂಬುದಕ್ಕೆ ಒಂದು ಸಂಸಾರದ ಉದಾಹರಣೆ ಸಾಕು. ಅಜ್ಜಂಪುರದಲ್ಲಿ ಅಣ್ಣ, ತರೀಕೆರೆಗೆ ಕೊಟ್ಟ ತಂಗಿ, ಪಿತ್ರಾರ್ಜಿತ ತೋಟದ ಪಾಲುಪಟ್ಟಿ ಬರೆಯುತ್ತಿರುವ ವಕೀಲರು ಕಡೂರಿನಲ್ಲಿ. ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕೆಂದು 2005ರ ತಿದ್ದುಪಡಿ ವಿಧಿಸಿರುವುದರಿಂದ ತಂಗಿಯ ಒಪ್ಪಿಗೆಯಿಲ್ಲದೆ ಕೆಲಸ ಸಾಗದು. ವಕೀಲರು ಕರಡನ್ನು ಲಗತ್ತಿಸಿ ಅಣ್ಣನಿಗೆ ಮಿಂಚಂಚೆ ಬರೆಯುತ್ತಾರೆ: ಆಕ್ಷೇಪಣೆ ಇದ್ದಲ್ಲಿ 15 ದಿನಗಳೊಳಗೆ ತಿಳಿಸತಕ್ಕದ್ದು. ಅಣ್ಣನಿಗೆ ಕಪಟವಿಲ್ಲ. ಆದರೆ ತಂಗಿಗೆ ದಾಟಿಸುವಾಗ, ಫೀಜಿನ ಲೆಕ್ಕ ಅವಳಿಗೇಕೆಂದು ಕೊನೆಯ ಕೆಲವು ಸಾಲುಗಳನ್ನು ಅಳಿಸುತ್ತಾನೆ. ಅವುಗಳ ಜೊತೆಯಲ್ಲೇ ಗಡುವಿನ ಸಾಲೂ ಹೋಗುತ್ತದೆ. ಲಗತ್ತು ಸರಿಯಾಗಿ ದಾಟುವುದಿಲ್ಲ. ಹಳೆಯ ಕ್ರಮವಿಧಿಯು ಅದನ್ನು ಅರ್ಥವಿಲ್ಲದ ಅಕ್ಷರರಾಶಿಯಾಗಿ ಸುರಿಯುತ್ತದೆ. ತಂಗಿ ಓದುತ್ತಾಳೆ, 'ಕೆರೆಯ ಕಡೆಯ ಗಡಿ ತಪ್ಪಾಗಿದೆ' ಎಂದು ಉತ್ತರ ಬರೆಯುತ್ತಾಳೆ. ಆ ಉತ್ತರ ಕಡೂರಿಗೆ ಹೋಗುವುದಿಲ್ಲ, ಅಣ್ಣನಿಗೆ ಹೋಗುತ್ತದೆ. ಏಕೆಂದರೆ ಅವಳಿಗೆ ಬಂದ ಓಲೆಯ ಕರ್ತೃ ಯಂತ್ರದ ಲೆಕ್ಕದಲ್ಲಿ ವಕೀಲರಲ್ಲ, ಅಣ್ಣ. ಅವನು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಅದನ್ನು ತೆರೆಯದಿದ್ದರೆ ಹದಿನಾರನೆಯ ದಿನ ವಕೀಲರು ಮೌನವನ್ನು ಸಮ್ಮತಿಯೆಂದೇ ಎಣಿಸುತ್ತಾರೆ. ತಂಗಿ ಅಣ್ಣನನ್ನು ಶಂಕಿಸುತ್ತಾಳೆ. ಅಣ್ಣನಿಗೆ ತಾನು ಮಾಡಿದ ಅಪರಾಧವೇನೆಂಬುದೇ ತಿಳಿಯದು.

ಎರಡನೆಯ ವಿಧಾನವಿದ್ದರೆ ಈ ಪಾಡು ಬಾರದು. ವಾಷಿಂಗ್ಟನ್ ವಿಶ್ವವಿದ್ಯಾಲಯದ 'ಪೈನ್' ಎಂಬ ಕ್ರಮವಿಧಿಯಲ್ಲಿ 'ಎಫ್' ಒತ್ತಿದರೆ ಮೇಲೆ ಹೇಳಿದ ನಕಲು. 'ಬಿ' ಒತ್ತಿದರೆ ಮೂಲ ಓಲೆಯೇ ಹೊಸ ವಿಳಾಸಕ್ಕೆ ಹೊರಡುತ್ತದೆ. ವಿ.ಎಸ್.ಎನ್.ಎಲ್. ಸಂಸ್ಥೆಯು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದ ಕಾಲದಲ್ಲಿ, ಅಗ್ಗದ ಖಾತೆ ಪಡೆದವರು ಬರಿಯ ಅಕ್ಷರಗಳ ಪರದೆಯಲ್ಲಿ ಈ ಪೈನನ್ನೇ ಬಳಸುತ್ತಿದ್ದರು. ಅದೇ ವರ್ಷ ಹುಟ್ಟಿದ 'ಮಟ್'ನಲ್ಲಿಯೂ ಇವೇ ಎರಡು ಅಕ್ಷರಗಳು. 'ಮೇಲ್'ನ ವಂಶದ 'ಎಸ್-ನೇಲ್'ನಲ್ಲಿ ಇದಕ್ಕೆ 'ರೀಸೆಂಡ್' ಎಂಬ ಆಜ್ಞೆ. ಹೀಗೆ ದಾಟಿಸಿದ ಓಲೆಯಲ್ಲಿ ಕಳುಹಿಸಿದವರ ಹೆಸರು ವಕೀಲರದೇ ಆಗಿರುತ್ತದೆ. ಇಂಥವರು ಇಂಥ ದಿನ ಇಂಥವರಿಗೆ ಮತ್ತೆ ಕಳುಹಿಸಿದರು ಎಂಬ ಸಾಲುಗಳು ತಲೆಬರಹದಲ್ಲಿ ಸೇರುತ್ತವೆ; 1982ರ ನಿಯಮಾವಳಿಯಲ್ಲೇ ಇವಕ್ಕೆ ಸ್ಥಾನವಿತ್ತು. ಲಗತ್ತು ಇದ್ದಂತೆ ದಾಟುತ್ತದೆ. ತಂಗಿಯ ಉತ್ತರ ನೇರವಾಗಿ ಕಡೂರನ್ನು ಮುಟ್ಟುತ್ತದೆ. ಲಕೋಟೆಯ ಮೇಲಿನ ಗೆರೆ ಮತ್ತು ಮುದ್ರೆಗಳಿಗೆ ಇದು ಸರಿಸಮ. ಇಂದಿನ ಜನಪ್ರಿಯ ಅಂಚೆಸೇವೆಗಳು ಇಷ್ಟು ಉಪಯುಕ್ತವಾದ ಗುಂಡಿಯನ್ನು ಓದುಗರ ಕಣ್ಣಿಗೆ ಕಾಣಿಸದೆ ಇಟ್ಟಿರುವುದು ವಿಷಾದಕರ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕುಂಟು. ಅಂಚೆಯ ಹಳೆಯ ಹಾದಿಗಳನ್ನು ರೋಮನ್ ಲಿಪಿಗೆಂದು ಕಟ್ಟಿದ್ದರಿಂದ ಕನ್ನಡವು ವೇಷ ಮರೆಸಿಕೊಂಡು ಪಯಣಿಸಬೇಕಾಗುತ್ತದೆ. ಯೂನಿಕೋಡಿನ ರೂಢಿಯ ಸಂಕೇತದಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಗುಣಿತಚಿಹ್ನೆಗೂ ಮೂರು ಬೈಟ್; ಪ್ರತಿ ಬೈಟನ್ನೂ ಒಂದು ಸಮಚಿಹ್ನೆ ಮತ್ತು ಎರಡು ಸಂಕೇತಾಕ್ಷರಗಳಾಗಿ ಬರೆಯುವ ಪದ್ಧತಿಯೊಂದಿದೆ. ಅದರಂತೆ 'ಕಡೂರು' ಎಂಬ ಹೆಸರು 45 ಚಿಹ್ನೆಗಳಾಗುತ್ತದೆ, 'ತರೀಕೆರೆ' 63, 'ಅಜ್ಜಂಪುರ' 72. ಸಾಲೊಂದಕ್ಕೆ 76 ಚಿಹ್ನೆಗಳೆಂಬ ಮಿತಿಯಿರುವುದರಿಂದ ಅಜ್ಜಂಪುರ ಒಂದೇ ಹೆಚ್ಚುಕಡಮೆ ಇಡೀ ಸಾಲನ್ನು ನುಂಗುತ್ತದೆ! ವೇಷ ಕಳಚಲು ಬೇಕಾದ ಸೂಚನೆ ಮೂಲದ ತಲೆಬರಹದಲ್ಲಿರುತ್ತದೆ. ಪಾಠವನ್ನಷ್ಟೇ ನಕಲಿಸಿ ದಾಟಿಸಿದರೆ ಆ ಸೂಚನೆ ಹಿಂದೆಯೇ ಉಳಿಯುತ್ತದೆ, ಮತ್ತು ತರೀಕೆರೆಯ ಪರದೆಯ ಮೇಲೆ ಬರಿಯ ಸಮಚಿಹ್ನೆಗಳ ಮೆರವಣಿಗೆ ನಡೆಯುತ್ತದೆ.

ನಕಲಿನಿಂದ ಕರ್ತೃ ಕಳೆದುಹೋಗುವ ಈ ದೋಷವು ಕೈಯೊಳಗಿನ ದೂರವಾಣಿಗೆ ಬಂದಾಗ ಪ್ರಾಣಾಂತಕವಾಯಿತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಶಾಲಾಮಕ್ಕಳಿಗೆ ಚಾಕೊಲೇಟ್ ಹಂಚಿದರು. ಇವರು ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಹರಡಿ, ಅವರ ಕಾರು ತಲುಪುವ ಮೊದಲೇ ಮುರ್ಕಿ ಗ್ರಾಮವನ್ನು ತಲುಪಿತು. ಹಾದಿಯನ್ನು ಅಡ್ಡಗಟ್ಟಿದ ಗುಂಪಿನ ಕೈಯಲ್ಲಿ ಒಬ್ಬ ತರುಣ ಎಂಜಿನಿಯರನ ಪ್ರಾಣ ಹೋಯಿತು, ಉಳಿದವರು ಗಾಯಗೊಂಡರು. ಆ ಸಂದೇಶವನ್ನು ಮೊದಲು ಬರೆದವರು ಯಾರೆಂಬುದು ಅದನ್ನು ಓದಿ ದೊಣ್ಣೆ ಹಿಡಿದವರಿಗೆ ಗೊತ್ತಿರಲಿಲ್ಲ. ಕಳುಹಿಸಿದವನು ಪರಿಚಿತನೆಂಬುದೇ ಅವರಿಗೆ ಪ್ರಮಾಣವಾಯಿತು. ದಾಟಿಸಿದ ಸಂದೇಶಕ್ಕೆ ಗುರುತು ಹಚ್ಚುವ ಏರ್ಪಾಟು ಅದೇ ತಿಂಗಳು ಬಂದಿತು. ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸದಂತೆ ಕಟ್ಟಳೆಯೂ ಮೊದಲು ಭಾರತದಲ್ಲಿ, 2019ರ ಜನವರಿಯಲ್ಲಿ ಜಗತ್ತಿನಾದ್ಯಂತ, ಜಾರಿಯಾಯಿತು. ಬರೆದವನ ಹೆಸರು ಮಾತ್ರ ಇಂದಿಗೂ ಸಂದೇಶದೊಡನೆ ಪಯಣಿಸುವುದಿಲ್ಲ.

ಮನುಷ್ಯನ ಕೈಯಿಲ್ಲದೆ ತಾನಾಗಿ ದಾಟಿಸುವ ವ್ಯವಸ್ಥೆಯೂ ಇದೆ. ಯೂನಿಕ್ಸ್ ಯಂತ್ರದಲ್ಲಿ ತನ್ನ ಕಡತಗಳ ನಡುವೆ, ಚುಕ್ಕೆಯಿಂದ ಆರಂಭವಾಗುವ 'ಫಾರ್ವರ್ಡ್' ಎಂಬ ಪುಟ್ಟ ಕಡತದಲ್ಲಿ ಹೊಸ ವಿಳಾಸ ಬರೆದಿಟ್ಟರೆ ಸಾಕು. ಆದರೆ ಕಡೂರಿನ ಖಾತೆ ತರೀಕೆರೆಗೂ ತರೀಕೆರೆಯದು ಕಡೂರಿಗೂ ದಾಟಿಸುತ್ತಿದ್ದರೆ ಓಲೆಯು ಬೀರೂರಿನಲ್ಲಿ ಇಳಿಯಲು ಮರೆತ ಪಯಣಿಗನಂತೆ ಅತ್ತಿತ್ತ ಅಲೆಯುತ್ತದೆ. ಪ್ರತಿ ಯಂತ್ರವೂ ತಲೆಬರಹದಲ್ಲಿ ಒಂದು ಮುದ್ರೆ ಒತ್ತುವುದರಿಂದ ಮುದ್ರೆಗಳು ಮಿತಿಮೀರಿದಾಗ ಓಲೆ ಕಳುಹಿಸಿದವರಿಗೆ ಹಿಂದಿರುಗುತ್ತದೆ. ಸೆಂಡ್‌ಮೇಲ್ ಎಂಬ ಪ್ರಸಿದ್ಧ ಅಂಚೆಯಂತ್ರಕ್ಕೆ ಮೂಲದಲ್ಲಿ ವಿಧಿಸಿದ ಮಿತಿ 25, ಪೋಸ್ಟ್‌ಫಿಕ್ಸ್‌ಗೆ 50. ಇದಲ್ಲದೆ, ತಮ್ಮ ಪರವಾಗಿ ಯಾವ ಯಂತ್ರಗಳು ಓಲೆ ಕಳುಹಿಸಬಹುದೆಂಬ ಪಟ್ಟಿಯನ್ನು ಇಂದು ಬ್ಯಾಂಕು, ಕಚೇರಿಗಳು ಪ್ರಕಟಿಸುತ್ತವೆ. ನಡುವೆ ದಾಟಿಸಿದ ಯಂತ್ರ ಆ ಪಟ್ಟಿಯಲ್ಲಿಲ್ಲದ್ದರಿಂದ ನಿಜವಾದ ಓಲೆಯೂ ಸೋಗಿನದೆಂಬ ಶಂಕೆಗೆ ಗುರಿಯಾಗಬಹುದು. ಓಲೆಯನ್ನು ಒಂದಕ್ಷರವೂ ತಿದ್ದದೆ ದಾಟಿಸಿದ್ದರೆ ಮಾತ್ರ ಮೂಲಸಂಸ್ಥೆಯ ಸಾಂಕೇತಿಕ ಸಹಿ ಅದನ್ನು ಪಾರುಮಾಡುತ್ತದೆ.

ಆ ಮುದ್ರೆಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಹೊರಟ ಯಂತ್ರದ ಬಳಿಯ ಮುದ್ರೆ ಅಡಿಯಲ್ಲಿ, ತಲುಪಿದ್ದರದು ಮೇಲೆ. ಅಜ್ಜಂಪುರದ ಅಣ್ಣನೂ ತರೀಕೆರೆಯ ತಂಗಿಯೂ ಕೊನೆಗೆ ನ್ಯಾಯಾಲಯದ ಮೆಟ್ಟಿಲೇರಿದರೆ ವಕೀಲರು ಮೊದಲು ಕೇಳುವುದು ಈ ತಲೆಬರಹವನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರವನ್ನೂ ಬೇಡುತ್ತದೆ. ತಂಗಿಯ ಬಳಿಯಿರುವ ನಕಲಿನಲ್ಲಿ ಕಡೂರಿನ ಮುದ್ರೆ ಒಂದೂ ಇರುವುದಿಲ್ಲ. ಅವೆಲ್ಲ ಇರುವುದು ಅಣ್ಣನ ಪೆಟ್ಟಿಗೆಯಲ್ಲಿ, ಅವನು ಆ ಓಲೆಯನ್ನು ಅಳಿಸಿರದಿದ್ದರೆ.