ಊರು ಬದಲಾದರೂ ಉಳಿಯಬೇಕಾದ ಅರ್ಧ ತಾಸು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಕೂಡಿಬರುವ ದಿವಸ ಪ್ರತಿ ವರ್ಷವೂ ಒಂದು ಸಂಗತಿಯು ನಮ್ಮ ಕಣ್ಣಿಗೆ ಬೀಳುತ್ತದೆ. ಥ್ರೋಬಾಲ್ ಅಂಗಳದಲ್ಲಿ ಒಂದು ಕಾಲಕ್ಕೆ ಜಿಂಕೆಗಳಂತೆ ಓಡಿದವರು, ಬೆಂಗಳೂರು, ಮುಂಬಯಿ ಮುಂತಾದ ನಗರಗಳಿಗೆ ಹೋಗಿ ಐದಾರು ವರ್ಷಗಳಾಗುವಷ್ಟರಲ್ಲಿ, ಸಭಾಮಂದಿರದ ಮೆಟ್ಟಲುಗಳನ್ನು ಹತ್ತಿ ಕಂಬವನ್ನು ಹಿಡಿದು ನಿಲ್ಲುತ್ತಾರೆ. “ಅಲ್ಲಿ ಹೋದ ಮೇಲೆ ಎಲ್ಲ ತಪ್ಪಿಹೋಯಿತು, ಟೀಚರ್” ಎಂದು ನಗುತ್ತಾರೆ. ಆ ನಗೆಯ ಹಿಂದೆ ಸ್ವಲ್ಪ ವ್ಯಸನವೂ ಇರುವದನ್ನು ನಾವು ಬಲ್ಲೆವು.

ಅವರನ್ನು ಜರೆಯುವ ಅಧಿಕಾರವು ನಮಗಿಲ್ಲ. ಯಾಕಂದರೆ ನಮಗೂ ಹಾಗೆಯೇ ಆಯಿತು. ಧಾರವಾಡದಲ್ಲಿ ಉಪಾಧ್ಯಾಯಿನಿಯಾಗಿದ್ದಾಗ ದಿನಂಪ್ರತಿ ಮುಂಜಾನೆ ಸಾಧನಕೇರಿಯ ಕಡೆಗೆ ಒಂದು ತಾಸು ನಡೆದುಬರುವದು ನಮ್ಮ ರೂಢಿಯಾಗಿತ್ತು. 2022ನೆಯ ಇಸವಿಯ ಮೇ ತಿಂಗಳಲ್ಲಿ ಮಂಗಳೂರಿಗೆ ಬಂದು ಈ ಶಾಲೆಯ ಭಾರವನ್ನು ವಹಿಸಿಕೊಂಡೆವು. ಅದೇ ಒಂದು ತಾಸು, ಅದೇ ವೇಗ ಎಂದು ಹಟದಿಂದ ಹೊರಟು, ಮೂರನೆಯ ದಿವಸವೇ ಕದ್ರಿಯ ಏರುದಾರಿಯಲ್ಲಿ ತಲೆ ಸುತ್ತಿ ಕುಳಿತೆವು. ಜೂನಿನಲ್ಲಿ ಮಳೆ ಹಿಡಿಯಿತು. ಮಳೆ ನಿಲ್ಲುವಷ್ಟರಲ್ಲಿ ರೂಢಿಯೂ ನಿಂತುಹೋಗಿತ್ತು. ಆ ವರ್ಷದ ಅಕ್ಟೋಬರದಲ್ಲಿ ಎಂಟನೆಯ ತರಗತಿಯ ಒಬ್ಬ ಬಾಲಕಿಯು ಮಹಡಿಯ ಮೆಟ್ಟಲುಗಳ ಬಳಿ ನಮ್ಮನ್ನು ತಡೆದು, “ಟೀಚರ್, ಪುಸ್ತಕ ನಾನು ತರ್ತೇನೆ, ನಿಮಗೆ ದಮ್ಮು ಕಟ್ತದಲ್ಲ” ಎಂದಳು. ಅವಳ ಮಾತಿನಲ್ಲಿ ದಯೆಯ ಹೊರತು ಬೇರೇನೂ ಇರಲಿಲ್ಲ. ಆದರೂ ಆ ರಾತ್ರಿ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ.

ತಪ್ಪು ಎಲ್ಲಿತ್ತು? ಧಾರವಾಡವು ಸಮುದ್ರಮಟ್ಟದಿಂದ 700 ಮೀಟರಿಗೂ ಮಿಕ್ಕ ಎತ್ತರದಲ್ಲಿದೆ. ಅಲ್ಲಿಯ ಗಾಳಿಯು ಬೆವರನ್ನು ಬೇಗನೆ ಆರಿಸುತ್ತದೆ. ಕರಾವಳಿಯ ಗಾಳಿಯಲ್ಲಿ ತೇವವು ತುಂಬಿರುವದರಿಂದ ಬೆವರು ಸುರಿಯುತ್ತದೆಯೇ ಹೊರತು ಆರುವದಿಲ್ಲ. ಬೆವರು ಆರದೆ ಮೈ ತಣಿಯದು. ಹೊಸ ಸೆಕೆಗೆ ದೇಹವು ಒಗ್ಗಿಕೊಳ್ಳಲು ಹತ್ತು ಹದಿನಾಲ್ಕು ದಿವಸಗಳಾದರೂ ಬೇಕು. ಇದನ್ನು ಯೋಚಿಸದೆ ನಾವು ಮಂಗಳೂರಿನಲ್ಲಿ ಧಾರವಾಡವನ್ನು ಹುಡುಕಿದೆವು. ನೇಜಿಯನ್ನು ಕಿತ್ತು ಬೇರೆ ಗದ್ದೆಯಲ್ಲಿ ನೆಟ್ಟವನು ಅದು ಬೇರೂರುವ ತನಕ ಕಾದಿರುತ್ತಾನೆ. ನಮಗೆ ಆ ತಾಳ್ಮೆಯು ಇರಲಿಲ್ಲ.

ಆದದರಿಂದ ನಮ್ಮ ಅಭಿಪ್ರಾಯವಿದು: ಊರು ಬಿಟ್ಟವಳು ಹಳೆಯ ವ್ಯಾಯಾಮಕ್ರಮವನ್ನು ಪೆಟ್ಟಿಗೆಯಲ್ಲಿಟ್ಟು ಕೊಂಡೊಯ್ಯಲಾರಳು. ಹೊಸ ಊರಿನ ಹವೆ, ದಾರಿ, ಮನೆಯ ವೇಳೆ, ಇವನ್ನು ನೋಡಿ ಅದನ್ನು ಬುಡದಿಂದ ಕಟ್ಟಬೇಕು. ನಾವು ಆ ನವೆಂಬರದಲ್ಲಿ ಸೂರ್ಯೋದಯಕ್ಕೆ ಮುಂಚೆ, ಸಮತಟ್ಟಾದ ದಾರಿಯಲ್ಲಿ, ಹದಿನೈದೇ ನಿಮಿಷಗಳಿಂದ ಪ್ರಾರಂಭಿಸಿದೆವು. ವಾರಕ್ಕೆ ಐದು ನಿಮಿಷಗಳಂತೆ ಹೆಚ್ಚಿಸಿದೆವು. ಮಳೆಗಾಲಕ್ಕೆ ಬೇರೆಯೇ ಕ್ರಮ: ಶಾಲೆಯ ಉದ್ದ ಜಗಲಿಯಲ್ಲಿ ನಡಿಗೆ, ಮೆಟ್ಟಲು ಹತ್ತಿ ಇಳಿಯುವದು, ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವದು, ಗೋಡೆಗೆ ಅಂಗೈ ಊರಿ ಮೈಯನ್ನು ತಳ್ಳುವದು. ಅಭ್ಯಾಸ ಬಿಟ್ಟ ಕೆಲವೇ ವಾರಗಳಲ್ಲಿ ದಮ್ಮು ಕುಗ್ಗುವದು ನಿಜ. ಆದರೆ ಒಮ್ಮೆ ಪಳಗಿದ ಸ್ನಾಯುಗಳು ಹೊಸಬರಿಗಿಂತ ಬೇಗನೆ ಚೇತರಿಸಿಕೊಳ್ಳುವವು ಎಂಬದೂ ಅಷ್ಟೇ ನಿಜ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವೂ, ಎರಡು ದಿವಸ ಸ್ನಾಯುಬಲದ ವ್ಯಾಯಾಮವೂ ಬೇಕು. ಅಂದರೆ ವಾರದಲ್ಲಿ ಐದು ದಿವಸ ಅರ್ಧರ್ಧ ತಾಸಿನ ಬಿರುಸಾದ ನಡಿಗೆಯಾದರೆ ಮೊದಲನೆಯದು ತೀರಿತು. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕೆಂಬ ಮೊದಲಿನ ನಿಯಮವನ್ನು ಅದು ಕೈಬಿಟ್ಟಿತು. ಬೆಂಗಳೂರಿನ ನಮ್ಮ ಮಕ್ಕಳು ಮನೆಗೆ ಒಂದು ನಿಲ್ದಾಣ ಮೊದಲೇ ಬಸ್ಸಿನಿಂದಿಳಿದು ನಡೆದರೂ ಅದು ಲೆಕ್ಕಕ್ಕೆ ಸೇರುವದು. ರವಿವಾರ ಕಬ್ಬನ್ ಉದ್ಯಾನವೋ ಲಾಲಬಾಗವೋ ಅವರಿಗಿದ್ದೇ ಇದೆ.

ಇನ್ನು ತಂದೆತಾಯಿಗಳಲ್ಲಿ ಒಂದು ಮಾತು. “ಮನೆಗೆಲಸವೇ ಸಾಲದೇ?” ಎಂದು ಕೆಲವರು ಕೇಳುತ್ತಾರೆ. ಉಸಿರನ್ನು ಏರಿಸುವ ಮನೆಗೆಲಸವು ವ್ಯಾಯಾಮವೇ ಸರಿ. ಆದರೆ ಬಾವಿಯ ಹಗ್ಗವನ್ನೂ ಕಡೆಯುವ ಕಲ್ಲನ್ನೂ ನಲ್ಲಿಯೂ ಮಿಕ್ಸಿಯೂ ಬಿಡಿಸಿದ ಮೇಲೆ ಹೆಂಗಸಿಗೆ ದಣಿವು ಉಳಿಯಿತೇ ಹೊರತು ವ್ಯಾಯಾಮವು ಉಳಿಯಲಿಲ್ಲ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, 2022ರಲ್ಲಿ ನಮ್ಮ ದೇಶದ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 57 ಮಂದಿಗೂ, ಪುರುಷರಲ್ಲಿ 42 ಮಂದಿಗೂ ಸಾಕಷ್ಟು ದೇಹಶ್ರಮವಿರಲಿಲ್ಲ. ಈ ಅಂತರಕ್ಕೆ ಸ್ತ್ರೀಯರ ಆಲಸ್ಯವೇ ಕಾರಣವೆಂದು ನಾವು ಒಪ್ಪೆವು. ಹೊಸ ಮನೆಗೆ ಬಂದ ಸೊಸೆಯು ಬೆಳಿಗ್ಗೆ ಅರ್ಧ ತಾಸು ಹೊರಗೆ ನಡೆದುಬಂದರೆ, “ಒಲೆಯ ಮುಂದೆ ಯಾರು?” ಎಂದು ಕೇಳುವವರು ಇಂದಿಗೂ ಇದ್ದಾರೆ. ಮಗಳಿಗೆ ಚಿನ್ನ ಕೊಡುವ ಮುಂಚೆ ಈ ಅರ್ಧ ತಾಸನ್ನು ಬೀಗರಲ್ಲಿ ಬಾಯಿಬಿಟ್ಟು ಕೇಳಿರಿ. ದಾರಿಯ ಭಯವಿದ್ದರೆ ನೆರೆಯವಳೊಬ್ಬಳನ್ನು ಜೊತೆಮಾಡಿಕೊಳ್ಳಲಿ; ಹೊಸ ಊರಿನಲ್ಲಿ ಗೆಳತಿಯೂ ದೊರೆತಂತಾಗುವದು.

ನಮ್ಮ ಶಾಲೆಯ ಕುಂದನ್ನೂ ಮುಚ್ಚಿಡಬಾರದು. ಡ್ರಿಲ್ಲಿನ ಸೀಟಿಗೆ ಸಾಲಾಗಿ ನಿಲ್ಲುವದನ್ನು ನಾವು ಕಲಿಸಿದೆವು. ಸೀಟಿಯಿಲ್ಲದ ಊರಿನಲ್ಲಿ ತಾನಾಗಿಯೇ ಏಳುವದನ್ನು ಕಲಿಸಲಿಲ್ಲ. ಆದಕಾರಣ ಹತ್ತನೆಯ ತರಗತಿಯ ಪ್ರತಿಯೊಬ್ಬ ಹುಡುಗಿಯೂ ಅಂಗಳವಾಗಲಿ ಚೆಂಡಾಗಲಿ ಇಲ್ಲದೆ, ಒಂದು ಚಾಪೆಯಷ್ಟು ಸ್ಥಳದಲ್ಲಿ ಮಾಡಬಹುದಾದ ಇಪ್ಪತ್ತು ನಿಮಿಷಗಳ ಕ್ರಮವನ್ನು ತಾನೇ ಬರೆದು, ತರಗತಿಗೆ ಮಾಡಿತೋರಿಸುವ ಏರ್ಪಾಡನ್ನು ನಡಿಸುತ್ತಿದ್ದೇವೆ.

ಪುಸ್ತಕಗಳನ್ನು ಹೊತ್ತುಕೊಡಲು ಬಂದಿದ್ದ ಆ ಬಾಲಕಿಯು ಈಗ ವಿದ್ಯಾಭ್ಯಾಸಕ್ಕಾಗಿ ಬೆಂಗಳೂರು ಸೇರಿದ್ದಾಳೆ. ಹೊರಡುವ ಮುನ್ನ ಹೇಳಿಹೋಗಲು ಬಂದಾಗ ನಾವಿಬ್ಬರೂ ಅವೇ ಮೆಟ್ಟಲುಗಳನ್ನು ಮಾತಾಡುತ್ತಾ ಹತ್ತಿದೆವು. ಪುಸ್ತಕಗಳು ನಮ್ಮ ಕೈಯಲ್ಲಿಯೇ ಇದ್ದವು. ಅವಳು ಮುಂದಿನ ಕೂಟಕ್ಕೆ ಬಂದಾಗ ಕಂಬವನ್ನು ಹಿಡಿಯದೆ ಮೇಲೆ ಬರಲಿ ಎಂಬದೇ ನಮ್ಮ ಹಾರೈಕೆ. ಇದನ್ನು ಓದುವ ನಮ್ಮ ಎಲ್ಲಾ ಹೆಣ್ಣುಮಕ್ಕಳಿಗೂ ಅದೇ ಹಾರೈಕೆಯು ಸಲ್ಲುವದು.