ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮೊನ್ನೆ ಚನ್ನಪಟ್ಟಣದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತವರು, ಅಮೆರಿಕದಲ್ಲಿ ಮಗನ ಮನೆಯಲ್ಲಿ ಆರು ತಿಂಗಳಿದ್ದು ಬಂದ ಅತ್ತಿಗೆ. "ನಿಮ್ಮ ಶಾಲೇಲಿ ಮಕ್ಕಳಿಗೆ ವಾರವೆಲ್ಲ ಮೊಟ್ಟೆ ಕೊಡ್ತಾರಂತಲ್ಲ? ಮೊಟ್ಟೆಯಿಂದ ಭೂಮಿ ಬಿಸಿಯಾಗುತ್ತಂತೆ ಕಣೇ, ನಿಲ್ಲಿಸಬಾರದೇ?" ಎಂದರು. ಒಬ್ಬಟ್ಟು ಗಂಟಲಲ್ಲೇ ನಿಂತಿತು.

ನಾನು ಮೊಟ್ಟೆ ತಿನ್ನುವವಳಲ್ಲ. ಅದು ನಮ್ಮ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಬಿಸಿಯೂಟದ ಉಸ್ತುವಾರಿ ನನ್ನ ಪಾಲಿಗೆ ಬಂದ ಮೊದಲ ದಿನ ಮೂಗಿಗೆ ಸೆರಗು ಹಿಡಿದಿದ್ದೆ. ಆದ್ದರಿಂದ ಈ ವಕಾಲತ್ತಿಗೆ ನಾಲಿಗೆಯ ಚಪಲ ಕಾರಣವಲ್ಲ.

ಅತ್ತಿಗೆಯ ಮಾತು ಪೂರ್ತಿ ಸುಳ್ಳೂ ಅಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2013ರ ಲೆಕ್ಕದಂತೆ, ಒಂದು ಕಿಲೋ ಮೊಟ್ಟೆಗೆ ಜಗತ್ತಿನ ಸರಾಸರಿ 3.7 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೋಳಿ ತಿನ್ನುವ ಆಹಾರದ ಪಾಲು. ಹಿಕ್ಕೆಯದು ಸುಮಾರು ಐದನೇ ಒಂದು. ದೇಶದಿಂದ ದೇಶಕ್ಕೆ ಲೆಕ್ಕ ಬದಲಾಗುವುದು ಇಲ್ಲೇ. ದಕ್ಷಿಣ ಅಮೆರಿಕದಲ್ಲಿ ಕಾಡು ಕಡಿದು ಬೆಳೆದ ಸೋಯಾ ಹಡಗೇರಿ ಯೂರೋಪಿನ ಕೋಳಿಯ ಹೊಟ್ಟೆ ಸೇರಿದರೆ, ಆ ಕಾಡೂ ಆ ಮೊಟ್ಟೆಯ ಲೆಕ್ಕಕ್ಕೇ ಬರಬೇಕು. ನಮ್ಮ ಕೋಳಿಗಳ ಆಹಾರವೋ ಬಹುಪಾಲು ದಾವಣಗೆರೆ, ಹಾವೇರಿ ಕಡೆಯಂಥ ಮುಸುಕಿನ ಜೋಳ, ಈ ದೇಶದ್ದೇ ಸೋಯಾ ಹಿಂಡಿ.

"ಹಾಗಾದರೆ ನಾಟಿ ಮೊಟ್ಟೆ ಕೊಡಿ" ಎನ್ನುವವರೂ ಇದ್ದಾರೆ. ಫಾರಂ ಕೋಳಿ ವರ್ಷಕ್ಕೆ 300 ಮೊಟ್ಟೆ ಇಟ್ಟರೆ ನಾಟಿ ಕೋಳಿ 60–70 ಇಟ್ಟೀತು. ಇಡೀ ವರ್ಷದ ಹಿಕ್ಕೆಯನ್ನು ಅಷ್ಟೇ ಮೊಟ್ಟೆಗೆ ಹಂಚಿದರೆ ಅದೂ ಅಷ್ಟೇನೂ ಹಗುರವಲ್ಲ. ಕನಕಪುರ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ನಾಲ್ಕು ನಾಟಿ ಕೋಳಿ ಸಾಕಿದ್ದಾಳೆ. ಮೊಟ್ಟೆಯೆಲ್ಲ ಬೆಂಗಳೂರಿನ ಕಾರುಗಳಿಗೆ. ಬಂದ ದುಡ್ಡು ಎಣ್ಣೆಗೆ, ಸೋಪಿಗೆ. ಮನೆಯಲ್ಲೇ ಕೋಳಿಯಿದ್ದರೂ ಹುಡುಗಿ ಮೊಟ್ಟೆಯ ರುಚಿ ಕಂಡದ್ದು ಶಾಲೆಯಲ್ಲಿ!

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ. ವರ್ಷಕ್ಕೆ ಒಬ್ಬರಿಗೆ 180 ಮೊಟ್ಟೆ ಬೇಕೆನ್ನುತ್ತಾರೆ ನಮ್ಮ ಪೋಷಣಾ ತಜ್ಞರು. 2023–24ರಲ್ಲಿ ಈ ದೇಶದಲ್ಲಿ ತಲೆಗೆ ಸಿಕ್ಕಿದ್ದು 103. ಜಪಾನಿನವರು ತಿನ್ನುವುದು ಮುನ್ನೂರಕ್ಕೂ ಮೇಲೆ. ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ 2021ರಲ್ಲಿ ಉತ್ತರದ ಕೆಲವು ಜಿಲ್ಲೆಗಳಿಂದ ಶುರುವಾಗಿ, 2024ರಲ್ಲಿ ವಾರಕ್ಕೆ ಆರು ದಿನವಾಯಿತು. ಒಲ್ಲದ ಮಕ್ಕಳಿಗೆ ಬಾಳೆಹಣ್ಣುಂಟು. ಯಾರ ಮೇಲೂ ಬಲವಂತವಿಲ್ಲ.

ಮೇಷ್ಟರ ಬುದ್ಧಿ, ಮನೆಗೆ ಬಂದು ಲೆಕ್ಕ ಹಾಕಿದೆ. 50 ಗ್ರಾಮಿನ ಮೊಟ್ಟೆಗೆ ಸುಮಾರು 185 ಗ್ರಾಂ ಅನಿಲ. ವರ್ಷಕ್ಕೆ 200 ಮೊಟ್ಟೆಯೆಂದರೆ ಒಂದು ಮಗುವಿಗೆ 37 ಕಿಲೋ. ಅತ್ತಿಗೆ ವಿಮಾನದಲ್ಲಿ ಹೋಗಿ ಬಂದದ್ದಕ್ಕೆ ಅವರೊಬ್ಬರ ಪಾಲಿಗೆ ಒಂದು ಟನ್ನಿಗೆ ಕಡಿಮೆಯಿಲ್ಲ. ಅಂದರೆ 27 ಮಕ್ಕಳ ಇಡೀ ವರ್ಷದ ಮೊಟ್ಟೆ!

ಮೊಮ್ಮಗುವನ್ನು ನೋಡಲು ಹೋದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅನ್ನದ ಮುಂದೆ ಜಗಳ ಬೇಡವೆಂದು ಅಂದು ಸುಮ್ಮನಿದ್ದೆ. ಕೋಳಿಗೊಬ್ಬರ ಮಾಗಡಿಯ ರಾಗಿ ಹೊಲಕ್ಕೆ ಸೇರಲಿ, ಸೋಯಾಕ್ಕಾಗಿ ಕಾಡು ಕಡಿಯುವುದು ನಿಲ್ಲಲಿ, ಹೆಚ್ಚು ಉಣ್ಣುವವರು ತಮ್ಮ ಎಲೆಯಿಂದ ಮೊದಲು ತೆಗೆಯಲಿ. ಅದೆಲ್ಲ ಮುಗಿದ ಮೇಲೆ ನಮ್ಮ ಶಾಲೆಗೆ ಬನ್ನಿ. ಆ ಕನಕಪುರದ ಹುಡುಗಿಯ ತಟ್ಟೆಯಿಂದ ಮೊಟ್ಟೆಯನ್ನು ನೀವೇ ಎತ್ತಿಕೊಳ್ಳಿ. ನನ್ನ ಕೈಯಲ್ಲಂತೂ ಆಗದು.