ಮನೆಗೆಲಸವಷ್ಟೇ ಹೃದಯಕ್ಕೆ ಸಾಕೇ?

“ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿಯವರೆಗೆ ಕೂರಲು ಪುರುಸೊತ್ತಿಲ್ಲ. ನನಗೇಕೆ ಬೇರೆ ವ್ಯಾಯಾಮ?” ಎಂದು ನೀವು ಕೇಳಬಹುದು. ಆದರೆ ದಣಿವು ಬೇರೆ, ವ್ಯಾಯಾಮ ಬೇರೆ. ಒಲೆಯ ಮುಂದೆ ಗಂಟೆಗಟ್ಟಲೆ ನಿಂತರೆ ಕಾಲು ನೋಯುತ್ತದೆಯೇ ಹೊರತು ಹೃದಯಕ್ಕೆ ಹೆಚ್ಚಿನ ಕೆಲಸ ಸಿಗುವುದಿಲ್ಲ. ನೀರು ಸೇದುವುದು, ನೆಲ ತಿಕ್ಕುವುದು, ಮೆಟ್ಟಿಲು ಹತ್ತುವುದು ಮಾತ್ರ ಖಂಡಿತ ಲೆಕ್ಕಕ್ಕೆ ಬರುತ್ತವೆ.

1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಮತ್ತು ಸಂಗಡಿಗರು ಲಂಡನ್ನಿನ ಬಸ್ ನೌಕರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಲ್ಲಿ ಹೃದಯಾಘಾತ ಕಡಿಮೆಯಿತ್ತು.

ವೇಗದ ನಡಿಗೆ: ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ದಿನ ಕಳೆದಂತೆ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರದೂಡಲು ಕಲಿಯುತ್ತದೆ. ರಕ್ತದೊತ್ತಡ ಇಳಿಯಲು ನೆರವಾಗುತ್ತದೆ. ಊಟದ ಬಳಿಕ ಹತ್ತು ನಿಮಿಷ ನಡೆದರೂ ರಕ್ತದ ಸಕ್ಕರೆ ಅಷ್ಟಾಗಿ ಏರುವುದಿಲ್ಲ.

ಸ್ನಾಯು ಬಲಪಡಿಸುವ ವ್ಯಾಯಾಮ: ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಇನ್ಸುಲಿನ್ ಹಾರ್ಮೋನು ಚೆನ್ನಾಗಿ ಕೆಲಸ ಮಾಡತೊಡಗುತ್ತದೆ. ಸಕ್ಕರೆ ಕಾಯಿಲೆ, ಪಿಸಿಓಡಿ ಇರುವವರಿಗೆ ಇದು ವಿಶೇಷ ಪ್ರಯೋಜನಕಾರಿ. ಜಿಮ್ ಬೇಕಿಲ್ಲ. ಎರಡೂ ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ಹಿಡಿದು ಎತ್ತಿ ಇಳಿಸಿ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕುಳಿತುಕೊಳ್ಳಿ. ಉಸಿರು ಬಿಗಿಹಿಡಿಯಬೇಡಿ, ಅದರಿಂದ ರಕ್ತದೊತ್ತಡ ಒಮ್ಮೆಲೇ ಏರುತ್ತದೆ.

ಮುಟ್ಟು ನಿಂತವರು ಗಮನಿಸಿ: ಈಸ್ಟ್ರೋಜನ್ ಹಾರ್ಮೋನು ಇಳಿದಾಗ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಮೂಳೆ ಸವೆಯುತ್ತದೆ. ವ್ಯಾಯಾಮವು ಆ ಹಾರ್ಮೋನನ್ನು ಮರಳಿ ತರಲಾರದು. ಆದರೆ ಹೃದಯ ಮತ್ತು ಮೂಳೆಯ ರಕ್ಷಣೆಗೆ ನಿಲ್ಲುತ್ತದೆ.

ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಾರಕ್ಕೆ ಕನಿಷ್ಠ 150 ನಿಮಿಷ ವೇಗದ ನಡಿಗೆಯಂತಹ ಚಟುವಟಿಕೆ, ಎರಡು ದಿನ ಸ್ನಾಯುಗಳ ವ್ಯಾಯಾಮ. ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ ನಡೆದರಾಯಿತು. ರಸ್ತೆಗಿಳಿಯಲು ಅನುಕೂಲವಿಲ್ಲದಿದ್ದರೆ ಅಂಗಳ, ಟೆರೇಸ್ ಇದೆಯಲ್ಲ! ಅತ್ತೆ, ನಾದಿನಿ, ಮಗಳನ್ನೂ ಜೊತೆಗೆ ಕರೆಯಿರಿ. ಹತ್ತು ನಿಮಿಷದಿಂದ ಆರಂಭಿಸಿ.

ಎಚ್ಚರಿಕೆ: ಹೃದ್ರೋಗ, ಅಧಿಕ ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ. ನಡೆಯುವಾಗ ಎದೆ ಬಿಗಿದರೆ, ದವಡೆ ಅಥವಾ ಎಡಗೈ ನೋಯತೊಡಗಿದರೆ, ವಿಪರೀತ ಏದುಸಿರು, ವಾಕರಿಕೆ, ತಣ್ಣನೆಯ ಬೆವರು ಬಂದರೆ ತಕ್ಷಣ ನಿಲ್ಲಿಸಿ. “ಗ್ಯಾಸ್ ಇರಬೇಕು” ಎಂದು ಕಷಾಯ ಕುಡಿದು ಮಲಗಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಮನೆಯವರ ಆರೋಗ್ಯ ಕಾಯುವ ನೀವು ನಿಮ್ಮ ಹೃದಯಕ್ಕೂ ದಿನದ ಅರ್ಧ ಗಂಟೆ ಮೀಸಲಿಡಿ.